ಪೇಟೆಗೆ ಪ್ರವೇಶ ಶುಲ್ಕ ವಿಧಿಸಿದರೆ ಉಬ್ಬಸ ಕಡಿಮೆಯಾದೀತೇ?

ಪ್ರಶ್ನೆ: ಕೆಲವು ದೇಶಗಳಲ್ಲಿ ನಗರದ ನಡುಭಾಗಕ್ಕೆ ಕಾರು ತಂದವರು ಶುಲ್ಕ ಕಟ್ಟಬೇಕಂತೆ. ನಮ್ಮ ಮನೆ ಬಿ.ಎಚ್. ರಸ್ತೆಗೆ ಹೊಂದಿಕೊಂಡೇ ಇದ್ದು, ನಾಲ್ಕು ವರ್ಷದ ಮೊಮ್ಮಗಳಿಗೆ ಆಗಾಗ ಉಬ್ಬಸ ಬರುತ್ತದೆ. ಇಂಥ ಶುಲ್ಕದಿಂದ ಆರೋಗ್ಯಕ್ಕೆ ಪ್ರಯೋಜನವಿದೆಯೇ ಅಥವಾ ಇದೂ ಕ್ಯಾತ್ಸಂದ್ರದ ಟೋಲ್‌ನಂತೆ ಬರೀ ವಸೂಲಿಯೇ?
– ಓದುಗರೊಬ್ಬರು, ತುಮಕೂರು

ಉತ್ತರ: ಟೋಲ್ ರಸ್ತೆಯ ಖರ್ಚಿಗೆ, ಈ ಶುಲ್ಕವಾದರೋ ನೀವು ಕಾರು ತರದಿರಲಿ ಎಂದೇ ವಿಧಿಸುವಂಥದ್ದು. ಸಿಂಗಪುರ 1975ರಲ್ಲಿ, ಲಂಡನ್ 2003ರಲ್ಲಿ ಇದನ್ನು ಜಾರಿಗೆ ತಂದವು. ನಿಮ್ಮ ಮೊಮ್ಮಗಳ ವಯಸ್ಸಿನವರ ಬಗ್ಗೆ ಹೆಚ್ಚು ತಿಳಿದುಬಂದಿರುವುದು ಸ್ಟಾಕ್‌ಹೋಮ್‌ನಿಂದ. ಅಲ್ಲಿ 2006ರ ಜನವರಿಯಿಂದ ಜುಲೈವರೆಗೆ ಪ್ರಾಯೋಗಿಕವಾಗಿ ಶುಲ್ಕ ವಿಧಿಸಿ, ಜನಮತ ಪಡೆದು, 2007ರ ಆಗಸ್ಟ್‌ನಿಂದ ಕಾಯಂಗೊಳಿಸಿದರು. ಶುಲ್ಕದ ವಲಯದ ಗಡಿ ದಾಟುವ ವಾಹನಗಳು ಹೆಚ್ಚುಕಡಿಮೆ ಐದರಲ್ಲೊಂದು ಪಾಲು ತಗ್ಗಿದವು. ಮಾಲಿನ್ಯ ಇಳಿದದ್ದು ಶೇ 5ರಿಂದ 15ರಷ್ಟು ಮಾತ್ರ; ಆದರೂ ಪುಟ್ಟ ಮಕ್ಕಳು ತೀವ್ರ ಅಸ್ತಮಾದಿಂದ ಆಸ್ಪತ್ರೆಗೆ ಬರುವುದು ಮೊದಲು ಅಲ್ಪಸ್ವಲ್ಪ, ವರ್ಷಗಳುರುಳಿದಂತೆ ಗಣನೀಯವಾಗಿ ಕಡಿಮೆಯಾಯಿತೆಂದು ಅಧ್ಯಯನವೊಂದು ಕಂಡುಕೊಂಡಿತು. ಮಕ್ಕಳ ಶ್ವಾಸನಾಳ ಕಿರಿದು, ದೇಹದ ತೂಕಕ್ಕೆ ಹೋಲಿಸಿದರೆ ಅವರು ಒಳಗೆಳೆದುಕೊಳ್ಳುವ ಗಾಳಿಯೂ ಹೆಚ್ಚು. ಹೊಗೆಯಿಂದ ಕೆರಳಿದ ನಾಳ ಶಮನಗೊಳ್ಳಲು ಕಾಲ ಬೇಕು. ಆರು ತಿಂಗಳಲ್ಲಿ ಫಲ ಕಾಣಲಿಲ್ಲವೆಂದು ಯೋಜನೆಯನ್ನು ಕೈಬಿಡುವುದು ಆತುರವಾದೀತು.

ಯಾರಿಗೆ ವಿನಾಯಿತಿ ಎಂಬುದೂ ಮುಖ್ಯ. ಲಂಡನ್‌ನಲ್ಲಿ ಡೀಸೆಲ್ ಬಸ್ಸು, ಟ್ಯಾಕ್ಸಿಗಳಿಗೆ ವಿನಾಯಿತಿಯಿದ್ದುದರಿಂದ, ಬೇರೆ ಮಾಲಿನ್ಯಕಾರಕಗಳು ಇಳಿದರೂ ಶ್ವಾಸನಾಳವನ್ನು ಕೆರಳಿಸುವ ನೈಟ್ರೋಜನ್ ಡೈಆಕ್ಸೈಡ್ ಏರಿತೆಂದು ಸಂಶೋಧಕರು ಕಂಡಿದ್ದಾರೆ.

ಇನ್ನು ತುಮಕೂರು. ಸಂಜೆ ಟೌನ್‌ಹಾಲ್ ವೃತ್ತದಲ್ಲಿ ಬಸ್ಸೊಂದು ಹೊರಟಾಗ ಹಿಂದಿನ ಸ್ಕೂಟರ್ ಸವಾರರು ಮುಖ ಮುಚ್ಚಿಕೊಳ್ಳುವುದು ಹೊಗೆಗಷ್ಟೇ ಅಲ್ಲ, ರಸ್ತೆಯಂಚಿನ ಮಣ್ಣು ಎಬ್ಬಿಸುವ ದೂಳಿಗೂ ಹೌದು. ಆ ದೂಳಿಗೆ ಕಾರಿನ ಶುಲ್ಕ ಮದ್ದಲ್ಲ. ನಗರ ಸಾರಿಗೆ ಬಸ್ಸು ಹೆಚ್ಚದೆ ಶುಲ್ಕ ಬಂದರೆ ವಾಹನಗಳು ಅಡ್ಡರಸ್ತೆಗಳಿಗೆ, ಅಂದರೆ ಮನೆಗಳ ಮುಂದಕ್ಕೇ, ನುಗ್ಗುವ ಅಪಾಯವೂ ಇದೆ. ಇಷ್ಟು ದೊಡ್ಡ ಊರಿಗೆ ಒಳಬರುವ ವಾಹನಗಳನ್ನು ಗುರುತಿಸಿ ಶುಲ್ಕ ಹಾಕುವ ಕ್ಯಾಮೆರಾ ಕಾವಲಿಗಿಂತ ಮೊದಲು ಎಂ.ಜಿ. ರಸ್ತೆಯಲ್ಲಿ ತಾಸಿನ ಲೆಕ್ಕದ ಪಾರ್ಕಿಂಗ್ ಶುಲ್ಕವನ್ನು ಕಟ್ಟುನಿಟ್ಟಾಗಿ ವಸೂಲು ಮಾಡುವುದೂ ರಸ್ತೆಯಂಚಿನ ಮಣ್ಣು ತೆಗೆಸುವುದೂ ಒಳಿತೆಂದು ನನಗನ್ನಿಸುತ್ತದೆ.

ಸದ್ಯಕ್ಕೆ, ಸಂಚಾರ ದಟ್ಟವಾಗಿರುವ ಹೊತ್ತಿನಲ್ಲಿ ರಸ್ತೆ ಕಡೆಯ ಕಿಟಕಿ ಮುಚ್ಚಿಡಿ. ಇನ್‌ಹೇಲರ್ ಚಟವಾಗುತ್ತದೆಂಬುದು ತಪ್ಪು ತಿಳಿವಳಿಕೆ. ಮಗು ಗೆಲುವಾಗಿದೆಯೆಂದು ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಬೇಡಿ.