ತೊಗರಿ ಮಾರಾಟಕ್ಕೆ ಸಾಫ್ಟ್‌ವೇರ್: ನಾಲ್ಕು ಲಕ್ಷ ಹಾಕುವ ಮೊದಲು

ಶರಣು ಅಣ್ಣನವರೇ. ಮುನ್ನೂರು ಸದಸ್ಯರ, ವರ್ಷಕ್ಕೆ ಎರಡು ಸಾವಿರ ಕ್ವಿಂಟಲ್ ತೊಗರಿ ಮಾರುವ ನಿಮ್ಮ ರೈತ ಉತ್ಪಾದಕ ಕಂಪನಿ ನಾಲ್ಕು ಲಕ್ಷ ರೂಪಾಯಿ ಕೊಟ್ಟು ಆನ್‌ಲೈನ್ ವ್ಯವಹಾರದ ಸಾಫ್ಟ್‌ವೇರ್ ಹಾಕಿಸಬೇಕೇ, ಅದರಿಂದ ದರ ಏರುತ್ತದೆಯೇ ಎಂದು ನಮ್ಮ ಗುಂಪಿನಲ್ಲಿ ಕೇಳಿದ್ದೀರಿ. ಈ ಹಂಗಾಮಿಗೆ ಬೇಡ ಎಂದೇ ಹೇಳುತ್ತೇನೆ. ಕಂಪ್ಯೂಟರಿನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಸದಸ್ಯರು, ಅಡತಿಯವರು (ಕಮಿಷನ್ ಏಜೆಂಟರು), ದಾಲ್‌ಮಿಲ್‌ನವರು ಒಬ್ಬರಿಗೊಬ್ಬರು ಏನನ್ನು, ಯಾವಾಗ ತಿಳಿಸಬೇಕು ಎಂಬುದು ತೀರ್ಮಾನವಾಗದೆ ಯಂತ್ರ ತಂದರೆ ಅದು ಬಿಲ್ ಮುದ್ರಿಸಲಷ್ಟೇ ಉಪಯೋಗಕ್ಕೆ ಬರುತ್ತದೆ.

ಇದಕ್ಕೆ ನಮ್ಮ ರಾಜ್ಯದಲ್ಲೇ ಪುರಾವೆ ಇದೆ. 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಆರಂಭವಾಗಿ ನಮ್ಮ ಎಪಿಎಂಸಿಗಳಿಗೆ ಆನ್‌ಲೈನ್ ಟೆಂಡರ್ ಬಂದಿತು. ಅದರ ಪರಿಣಾಮವನ್ನು ಅಳೆದು 2020ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ ಭತ್ತದ ದರ ಶೇ. 5.1, ಶೇಂಗಾ ಶೇ. 3.6, ಮೆಕ್ಕೆಜೋಳ ಶೇ. 3.5ರಷ್ಟು ಏರಿತು, ಒಳ್ಳೆಯ ಗುಣಮಟ್ಟದ ಮಾಲು ತಂದವರಿಗೆ ಲಾಭ ಇನ್ನೂ ಹೆಚ್ಚು. ಆದರೆ ಹತ್ತಿ, ಹೆಸರು ಮತ್ತು ನಮ್ಮ ತೊಗರಿಯ ದರದಲ್ಲಿ ಹೇಳಿಕೊಳ್ಳುವಂತಹ ಬದಲಾವಣೆ ಕಾಣಲಿಲ್ಲ. ವೇದಿಕೆ ಒಂದೇ, ಫಲ ಬೇರೆ ಬೇರೆ.

ಇದರ ಮುಂದಿನ ಕಥೆ ನಿಮಗೆ ಇನ್ನೂ ಮುಖ್ಯ. ಅದೇ ಸಂಶೋಧಕರು 2019ರ ಫೆಬ್ರವರಿಯಲ್ಲಿ ರಾಜ್ಯದ ಬೇಳೆಕಾಳಿನ ದೊಡ್ಡ ಮಾರುಕಟ್ಟೆಯೊಂದರಲ್ಲಿ ಟೆಂಡರಿನ ನಿಯಮ ಬದಲಿಸಿ ನೋಡಿದರು. ಮೊದಲ ಸುತ್ತಿನಲ್ಲಿ ಹೆಚ್ಚು ದರ ಬರೆದ ಖರೀದಿದಾರರಿಗೆ ಎರಡನೆಯ ಸುತ್ತಿನಲ್ಲಿ ದರ ಏರಿಸಲು ಅವಕಾಶ ಕೊಟ್ಟರು. ದರ ಶೇ. 3.6ರಷ್ಟು ಹೆಚ್ಚಿತು. ಅಂದರೆ ಕೊಳ್ಳುವವರು ಪರಸ್ಪರ ಪೈಪೋಟಿಗೆ ಇಳಿಯುವ ಬಗೆ ಬದಲಾದಾಗ ಹಣ ರೈತನ ಕೈಗೆ ಬಂತು. ಕ್ವಿಂಟಲ್‌ಗೆ 7,500 ರೂಪಾಯಿ ಎಂದು ಹಿಡಿದರೆ ಶೇ. 3.6 ಎಂದರೆ 270 ರೂಪಾಯಿ. ನಿಮ್ಮ ಸಾಫ್ಟ್‌ವೇರಿನ ನಾಲ್ಕು ಲಕ್ಷವನ್ನು ಎರಡು ಸಾವಿರ ಕ್ವಿಂಟಲ್‌ಗೆ ಹಂಚಿದರೆ ಮೊದಲ ವರ್ಷವೇ ಕ್ವಿಂಟಲ್‌ಗೆ 200 ರೂಪಾಯಿ ಭಾರ. ಅಂತಹ ಏರಿಕೆ ಸಿಕ್ಕರೂ ಅದರ ಬಹುಪಾಲು ಇದಕ್ಕೇ ಹೋಯಿತು. ವಾರ್ಷಿಕ ಶುಲ್ಕ, ಕಂಪ್ಯೂಟರ್ ಹುಡುಗನ ಸಂಬಳ ಬೇರೆ. ಈ ಲೆಕ್ಕವನ್ನು ನಿರ್ದೇಶಕರ ಸಭೆಯಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿ.

ಹಾಗಾದರೆ ಮೊದಲು ಏನು ಮಾಡಬೇಕು? ಗಿರಣಿಯವರನ್ನು ಕೇಳಿ ನೋಡಿ: ಅವರ ದೊಡ್ಡ ದೂರು ದರದ್ದಲ್ಲ, ಏನು ಬರುತ್ತದೆ ಎಂಬುದು ಮೊದಲೇ ತಿಳಿಯುವುದಿಲ್ಲ ಎಂಬುದು. ಆದ್ದರಿಂದ ಎಳ್ಳಮಾವಾಸ್ಯೆಗೂ ಮುಂಚೆ ಸದಸ್ಯರ ಪಟ್ಟಿ ಸಿದ್ಧವಾಗಿರಲಿ. ಯಾರು ಎಷ್ಟು ಎಕರೆ, ಯಾವ ತಳಿ, ಬಿತ್ತಿದ ದಿನ, ರಾಶಿ (ಒಕ್ಕಣೆ) ಯಾವ ವಾರ ಎಂಬಷ್ಟೇ ಸಾಕು. ಮೊಬೈಲಿನ ಉಚಿತ ಲೆಕ್ಕದ ಹಾಳೆಯಲ್ಲಿ (ಸ್ಪ್ರೆಡ್‌ಶೀಟ್) ಇದೆಲ್ಲ ಹಿಡಿಯುತ್ತದೆ. ಟಿಎಸ್-3ಆರ್ ಮತ್ತು ಜಿಆರ್‌ಜಿ-811 ತಳಿಗಳ ಕಾಳನ್ನು ಒಂದೇ ಗುಡ್ಡೆಗೆ ಸುರಿಯಬೇಡಿ, ಲಾಟ್ (ಒಟ್ಟಿಗೆ ಮಾರುವ ಮಾಲಿನ ಗುಡ್ಡೆ) ಬೇರೆ ಇಡಿ. ನಾಲ್ಕು ಲಕ್ಷದಲ್ಲಿ ಒಂದು ಸಣ್ಣ ಪಾಲನ್ನು ಒಳ್ಳೆಯ ತೇವಾಂಶ ಮಾಪಕ, ಜರಡಿಗಳು, ಎಲೆಕ್ಟ್ರಾನಿಕ್ ತೂಕದ ಯಂತ್ರಕ್ಕೆ ಹಾಕಿ. ತೇವಾಂಶ ಶೇ. 12ರೊಳಗೆ ಇದೆಯೇ ಎಂದು ನಿಮ್ಮ ಗೋದಾಮಿನಲ್ಲೇ, ಸದಸ್ಯನ ಕಣ್ಣೆದುರೇ ಅಳೆದು, ಲಾಟ್‌ನ ಫೋಟೋ ಜೊತೆಗೆ ಎರಡು ಮೂರು ಗಿರಣಿಗಳಿಗೆ ಒಂದೇ ಹೊತ್ತಿಗೆ ಕಳುಹಿಸಿ. ದೂರದಲ್ಲಿ ಕುಳಿತವನು ಕಾಳು ನೋಡದೆ ದರ ಬರೆಯಬೇಕಾದರೆ ನಿಮ್ಮ ಅಳತೆಯನ್ನು ನಂಬಬೇಕು. ನಿಮ್ಮ ಅಂಕಿ ಎರಡು ಸಲ ಸುಳ್ಳಾದರೆ ಮೂರನೆಯ ಸಲ ಯಾವ ಆ್ಯಪ್ ಕೂಡ ನಿಮ್ಮನ್ನು ಉಳಿಸುವುದಿಲ್ಲ.

ಮಾಹಿತಿ ಒಂದೇ ಕಡೆ ಹರಿಯಬಾರದು. ಪ್ರತಿ ಲಾಟ್‌ನಿಂದ ಎಷ್ಟು ಬೇಳೆ ಬಂತು, ಎಷ್ಟು ನುಚ್ಚಾಯಿತು, ಯಾವ ಕಾರಣಕ್ಕೆ ಕಡಿತ ಹಾಕಿದರು ಎಂಬುದನ್ನು ಗಿರಣಿಯವರು ವಾಪಸ್ ತಿಳಿಸಬೇಕು ಎಂದು ಹಟ ಹಿಡಿಯಿರಿ. ಆ ಉತ್ತರ ಸದಸ್ಯನಿಗೆ ತಲುಪಿದರೆ ಮುಂದಿನ ವರ್ಷ ಅವನು ರಾಶಿ ಮಾಡುವ ರೀತಿಯೇ ಬದಲಾಗುತ್ತದೆ. ನನ್ನ ಪ್ರಕಾರ ನಿಜವಾದ ಸಹಕಾರ ಎಂದರೆ ಇದೇ.

ಅಡತಿಯವರನ್ನು ಪೂರ್ತಿ ಹೊರಗಿಡಬೇಕು ಎಂದು ಗುಂಪಿನಲ್ಲಿ ಒಬ್ಬರು ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. ಐಟಿಸಿ ಕಂಪನಿ 2000ದಲ್ಲಿ ಮಧ್ಯಪ್ರದೇಶದ ಸೋಯಾಬೀನ್ ಹಳ್ಳಿಗಳಲ್ಲಿ ಇ-ಚೌಪಾಲ್ ಆರಂಭಿಸಿತು. ಊರಿನ ರೈತನೊಬ್ಬನ ಮನೆಯಲ್ಲಿ ಕಂಪ್ಯೂಟರ್, ಕಂಪನಿಯ ದರ ಅಲ್ಲೇ ತಿಳಿಯುತ್ತಿತ್ತು, ಒಪ್ಪಿಗೆಯಾಗದಿದ್ದರೆ ಮಂಡಿಗೇ ಒಯ್ಯಬಹುದಿತ್ತು. ಅಲ್ಲಿಯೂ ಹಳೆಯ ದಲಾಲರನ್ನು ಓಡಿಸಲಿಲ್ಲ. ಅವರಿಗೆ ಸಾಗಣೆ, ನಗದು ವ್ಯವಹಾರ, ಹೊಸ ಹಳ್ಳಿಗಳನ್ನು ಜೋಡಿಸುವ ಕೆಲಸ ಕೊಟ್ಟರು. ನಿಮ್ಮ ಅಡತಿಯವರ ಬಳಿ ಗೋದಾಮು ಇದೆ, ಕಷ್ಟಕಾಲದಲ್ಲಿ ಮುಂಗಡ ಕೊಡುವ ಶಕ್ತಿ ಇದೆ. ಅದಕ್ಕೆ ಬದಲಿ ವ್ಯವಸ್ಥೆ ಇಲ್ಲದೆ ಅವರನ್ನು ದೂಡಿದರೆ ಸಾಲವಿರುವ ಸದಸ್ಯರು ರಾತ್ರೋರಾತ್ರಿ ಅವರಿಗೇ ಮಾಲು ಹಾಕುತ್ತಾರೆ. ಬದಲಿ ಬೇಕಿದ್ದರೆ ನೋಂದಾಯಿತ ಗೋದಾಮಿನಲ್ಲಿ ಇಟ್ಟು ಎಲೆಕ್ಟ್ರಾನಿಕ್ ರಸೀದಿಯ ಮೇಲೆ ಬ್ಯಾಂಕ್ ಸಾಲ ಪಡೆಯುವ ದಾರಿ 2017ರಿಂದ ಇದೆ, ವಿಚಾರಿಸಿ.

ಈ ಹಂಗಾಮಿನಲ್ಲಿ ಪ್ರತಿ ಲಾಟ್‌ಗೂ ಮೂರು ಅಂಕಿ ಬರೆದಿಡಿ: ಮಾಲು ಕೊಟ್ಟ ದಿನದಿಂದ ಹಣ ಬರಲು ಎಷ್ಟು ದಿನ, ಕ್ವಿಂಟಲ್‌ಗೆ ಸಾಗಣೆ-ಹಮಾಲಿ ಎಷ್ಟು, ಕಡಿತ ಎಷ್ಟು. ಮುಂದಿನ ವರ್ಷ ಈ ಮೂರೂ ಇಳಿದು, ಉಚಿತ ಹಾಳೆ ಸಾಲದಷ್ಟು ಲಾಟ್‌ಗಳು ಬಂದರೆ ಆಗ ಸಾಫ್ಟ್‌ವೇರ್ ಕೊಳ್ಳಿ. ಕೊಳ್ಳುವಾಗ ಸದಸ್ಯರ ಪಟ್ಟಿ, ವ್ಯವಹಾರದ ದಾಖಲೆ ಎಲ್ಲವೂ ನಿಮ್ಮ ರೈತ ಕಂಪನಿಯ ಸ್ವತ್ತು, ಕರಾರು ಮುರಿದ ದಿನ ಸಾಫ್ಟ್‌ವೇರ್ ಕೊಟ್ಟವರು ಅಷ್ಟನ್ನೂ ಹಾಳೆಯ ರೂಪದಲ್ಲಿ ಉಚಿತವಾಗಿ ಮರಳಿಸಬೇಕು, ಕನ್ನಡದಲ್ಲಿ ಸಂದೇಶ ಹೋಗಬೇಕು ಎಂಬ ಮೂರು ಷರತ್ತುಗಳನ್ನು ಸಹಿಗೆ ಮೊದಲೇ ಬರೆಸಿಕೊಳ್ಳಿ. ಕರಾರಿನ ಕರಡು ಬಂದರೆ ಗುಂಪಿನಲ್ಲಿ ಹಾಕಿ, ಒಟ್ಟಿಗೆ ಓದೋಣ.