ಎಡಗೈ ಪಿಚರ್ ಬಂದ, ನಮ್ಮ ಹುಡುಗ ಬೆಂಚಿಗೆ ಹೋದ

ಬೇಸ್‌ಬಾಲ್ ಬಗ್ಗೆ ಬರುವ ಹತ್ತು ಪತ್ರಗಳಲ್ಲಿ ಆರು, ಯಾರು ಆಡಬೇಕು ಅಂತ ತೀರ್ಮಾನಿಸುವ ಮ್ಯಾನೇಜರ್‌ಗೆ ಬೈಯುವ ಪತ್ರಗಳು. ಅದರಲ್ಲೂ ಮೊದಲನೇ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಆಟಗಾರನ ಹೆಸರು ಮಾತ್ರ ಬದಲಾಗುತ್ತದೆ. ಅದಕ್ಕೇ ಈ ಸಲ ಹೆಸರು ತೆಗೆದು ಹಾಕಿದ್ದೇನೆ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ನಮ್ಮ ತಂಡದ ಎಡಗೈ ಬ್ಯಾಟರ್ ಒಬ್ಬ ಈ ಸೀಸನ್‌ನಲ್ಲಿ ಎಡಗೈ ಪಿಚರ್‌ಗಳ (ಬಾಲ್ ಎಸೆಯುವವರ) ಎದುರು 50 ಸಲ ಆಡಿ 17 ಹಿಟ್ (ಹೊಡೆದು ಬೇಸ್ ತಲುಪುವುದು) ಹೊಡೆದಿದ್ದಾನೆ. ಅಂದರೆ ಸರಾಸರಿ .340! ಆದರೂ ಎದುರಾಳಿ ಎಡಗೈ ಪಿಚರ್‌ನನ್ನು ಇಳಿಸಿದ ದಿನ ಮ್ಯಾನೇಜರ್ ಇವನನ್ನು ಕೂರಿಸಿ, .240 ಹೊಡೆಯುವ ಬಲಗೈ ಬ್ಯಾಟರ್‌ನನ್ನು ಆಡಿಸುತ್ತಾನೆ. ಅವನಿಗೆ ಕಣ್ಣಿಲ್ವಾ?

ಉತ್ತರ: ಕಣ್ಣಿದೆ. ನೀವು 50 ಅನ್ನುವ ಸಂಖ್ಯೆಯನ್ನು ನೋಡದೆ .340 ಅನ್ನು ಮಾತ್ರ ನೋಡಿದ್ದೀರಿ.

ಪಿಚರ್ ಯಾವ ಕೈಯವನೋ ಅದರ ಎದುರು ಕೈಯ ಬ್ಯಾಟರ್‌ಗೆ ಯಾಕೆ ಅನುಕೂಲ ಅಂತ ನಾನು ಮತ್ತೆ ಬಿಡಿಸಿ ಹೇಳುವುದಿಲ್ಲ. ಕ್ರಿಕೆಟ್ ನೋಡಿ ಬೆಳೆದವರು ನೀವು. ಪಿಚರ್, ಬ್ಯಾಟರ್ ಇಬ್ಬರೂ ಒಂದೇ ಕೈಯವರಾದರೆ ಬಾಗುವ ಬಾಲ್ ಬ್ಯಾಟಿನಿಂದ ದೂರ ಓಡುತ್ತದೆ. ಅದು ಎಷ್ಟು ಕಷ್ಟ ಅಂತ ಗೊತ್ತಲ್ಲ, ಅಷ್ಟು ಸಾಕು. ಈಗ ಲೆಕ್ಕಕ್ಕೆ ಬನ್ನಿ. ನಿಮ್ಮ ಹುಡುಗನ ನಿಜವಾದ ಯೋಗ್ಯತೆ .250 ಅಂದುಕೊಳ್ಳಿ. 50 ಸಲ ಆಡಿದರೆ ಅವನಿಂದ 12 ಅಥವಾ 13 ಹಿಟ್ ಬರಬೇಕು. ನೀವು ಹೇಳುತ್ತಿರುವುದು 17. ವ್ಯತ್ಯಾಸ ನಾಲ್ಕೈದು ಹಿಟ್. ಒಂದು ಶಾರ್ಟ್‌ಸ್ಟಾಪ್ ಫೀಲ್ಡರ್‌ನ ತಲೆ ಮೇಲೆ ಹೋಗಿ ಪುಸಕ್ಕನೆ ಬಿದ್ದದ್ದು, ಒಂದು ಮೂರನೇ ಬೇಸ್‌ನ ದಿಂಬಿಗೆ ತಗುಲಿ ಪಕ್ಕಕ್ಕೆ ಹಾರಿದ್ದು, ಒಂದು ಫೀಲ್ಡರ್ ಕಾಲು ಜಾರಿದಾಗ ಸಿಕ್ಕಿದ್ದು. ಬರೀ ಅದೃಷ್ಟದಿಂದಲೇ ಇಂಥ .250ರ ಬ್ಯಾಟರ್‌ಗಳಲ್ಲಿ ಹೆಚ್ಚುಕಡಿಮೆ ಹತ್ತಕ್ಕೆ ಒಬ್ಬ 50ರಲ್ಲಿ 17 ಮುಟ್ಟುತ್ತಾನೆ. ಮೇಜರ್ ಲೀಗಿನಲ್ಲಿ 30 ತಂಡಗಳಿವೆ, ಪ್ರತಿ ತಂಡದಲ್ಲೂ ನಾಲ್ಕಾರು ಎಡಗೈ ಬ್ಯಾಟರ್‌ಗಳಿದ್ದಾರೆ. ಹಾಗಾಗಿ ಪ್ರತಿ ವರ್ಷವೂ ಇಂಥವನು ಒಬ್ಬ ಇದ್ದೇ ಇರುತ್ತಾನೆ, ಅವನಿಗಾಗಿ ನನಗೆ ಪತ್ರ ಬರೆಯುವವರೂ ಇರುತ್ತಾರೆ.

ಇನ್ನೊಂದು ವಿಷಯವನ್ನು ಯಾರೂ ಕೇಳುವುದೇ ಇಲ್ಲ. ಆ 50 ಸಲ ಎದುರಿಗೆ ಯಾರಿದ್ದರು? ಮ್ಯಾನೇಜರ್ ಅವನನ್ನು ಒಳ್ಳೆಯ ಎಡಗೈ ಪಿಚರ್‌ಗಳಿಂದ ಬಚ್ಚಿಟ್ಟಿದ್ದಾನೆ. ಸಿಕ್ಕಿದ್ದು ಸೋತ ಪಂದ್ಯದ ಕೊನೆಗೆ ಬರುವ ಸವಕಲು ಎಡಗೈನವರು, ಮೊನ್ನೆ ಮೊನ್ನೆ ಕೆಳಹಂತದ ಮೈನರ್ ಲೀಗಿನಿಂದ ಬಂದವರು. ಬೆಂಚಿನ ಮೇಲೆ ಕೂರಿಸಿದ್ದರಿಂದಲೇ ಆ .340 ಹುಟ್ಟಿದ್ದು. ಅದನ್ನೇ ಹಿಡಿದು ಬೆಂಚಿನಿಂದ ಎಬ್ಬಿಸಿ ಅನ್ನುತ್ತೀರಿ!

ಅಂಕಿ ಬಿಟ್ಟು ಒಮ್ಮೆ ಅವನ ಕಾಲು ನೋಡಿ. ಮೈನರ್ ಲೀಗ್ ಮೈದಾನದಲ್ಲಿ ಬ್ಯಾಟರ್ ಆಡುವ ಹೋಮ್ ಪ್ಲೇಟ್ ಹಿಂದಿನ ಬಲೆಗೆ ಮೂಗು ಒತ್ತಿಕೊಂಡು ಕೂತು ನಾನು ಇದನ್ನು ಎಷ್ಟೋ ಸಲ ನೋಡಿದ್ದೇನೆ. ಎಡಗೈ ಪಿಚರ್ ಸ್ಲೈಡರ್ (ಪಕ್ಕಕ್ಕೆ ಬಾಗುವ ಬಾಲ್) ಬಿಟ್ಟಾಗ ಎಡಗೈ ಬ್ಯಾಟರ್‌ಗೆ ಬಾಲ್ ತನ್ನ ಬೆನ್ನ ಹಿಂದಿನಿಂದ ಬಂದ ಹಾಗೆ ಕಾಣುತ್ತದೆ. ಪಕ್ಕೆಗೆ ಬಡಿಯುತ್ತದೆ ಅನ್ನುವ ಹೆದರಿಕೆ. ಮುಂದಿನ ಕಾಲು, ಅಂದರೆ ಬಲಗಾಲು, ಪಿಚರ್ ಕಡೆಗೆ ಹೋಗುವ ಬದಲು ಒಂದು ಗೇಣು ಮೊದಲನೇ ಬೇಸಿನ ಕಡೆಗೆ ಬೀಳುತ್ತದೆ. ಸೊಂಟ ತೆರೆದುಕೊಳ್ಳುತ್ತದೆ. ಅಷ್ಟರಲ್ಲಿ ಬಾಲ್ ಬಾಗಿ ಪ್ಲೇಟಿನ ಆಚೆ ಮೂಲೆಗೆ ಇಳಿದಿರುತ್ತದೆ. ಇವನು ಒಂದೇ ಕೈಯಲ್ಲಿ ಬ್ಯಾಟ್ ಚಾಚಿ ಗಾಳಿ ಗುಡಿಸುತ್ತಾನೆ. ಆ ಕಾಲು ನೇರ ಬೀಳುವವರೆಗೆ ಮ್ಯಾನೇಜರ್ ಅವನನ್ನು ನಂಬುವುದಿಲ್ಲ. ನಾನೂ ನಂಬುವುದಿಲ್ಲ. ಎಡಗೈ ಪಿಚರ್‌ಗಳು ಕಡಿಮೆ ಇರುವುದರಿಂದ ಎಡಗೈ ಬ್ಯಾಟರ್‌ಗಳಿಗೆ ಚಿಕ್ಕಂದಿನಿಂದಲೂ ಈ ಬಾಲಿನ ಅಭ್ಯಾಸ ಸಾಲದು. ಅದಕ್ಕೇ ಎಡಗೈ ಪಿಚರ್ ಎದುರಿನ ಆಟಕ್ಕೂ ಬಲಗೈ ಪಿಚರ್ ಎದುರಿನ ಆಟಕ್ಕೂ ಇರುವ ಅಂತರ ಬಲಗೈ ಬ್ಯಾಟರ್‌ಗಳಿಗಿಂತ ಇವರಿಗೆ ಜಾಸ್ತಿ.

ಪಿಚರ್ ಕೈ ನೋಡಿ ಬ್ಯಾಟರ್ ಬದಲಿಸುವುದು ಕಂಪ್ಯೂಟರ್ ಹುಡುಗರು ತಂದ ಪಿಡುಗು ಅಂತ ಕೆಲವರು ಗೊಣಗುತ್ತಾರೆ. 1914ರಲ್ಲಿ ಯಾವ ಕಂಪ್ಯೂಟರ್ ಇತ್ತು ಸ್ವಾಮಿ? ಆ ವರ್ಷ ಜುಲೈನಲ್ಲಿ ಕೊನೆಯ ಸ್ಥಾನದಲ್ಲಿದ್ದ ಬೋಸ್ಟನ್ ಬ್ರೇವ್ಸ್ ತಂಡವನ್ನು ಮ್ಯಾನೇಜರ್ ಜಾರ್ಜ್ ಸ್ಟಾಲಿಂಗ್ಸ್ ಔಟ್‌ಫೀಲ್ಡ್‌ನಲ್ಲಿ ಜನರನ್ನು ಹೀಗೇ ಅದಲುಬದಲು ಮಾಡಿ ವರ್ಲ್ಡ್ ಸೀರೀಸ್ (ವರ್ಷದ ಫೈನಲ್) ಗೆಲ್ಲಿಸಿದ. ನ್ಯೂಯಾರ್ಕ್ ಯಾಂಕೀಸ್ ತಂಡದ ಮ್ಯಾನೇಜರ್ ಕೇಸಿ ಸ್ಟೆಂಗಲ್ ಬಲಗೈಯ ಹ್ಯಾಂಕ್ ಬಾವರ್, ಎಡಗೈಯ ಜೀನ್ ವುಡ್‌ಲಿಂಗ್ ಇಬ್ಬರನ್ನೂ ಹೀಗೆ ಆಡಿಸಿದ. ಇಬ್ಬರಿಗೂ ಸಿಟ್ಟು. ಆದರೆ 1949ರಿಂದ 1953ರವರೆಗೆ ಸತತ ಐದು ಚಾಂಪಿಯನ್ ಉಂಗುರ ಇಬ್ಬರಿಗೂ ಬಂದವು. ಬಾಲ್ಟಿಮೋರ್ ಓರಿಯೋಲ್ಸ್‌ನಲ್ಲಿ ಅರ್ಲ್ ವೀವರ್ ಜಾನ್ ಲೋವನ್‌ಸ್ಟೀನ್‌ನನ್ನೂ ಗ್ಯಾರಿ ರೋನಿಕಿಯನ್ನೂ ಜೋಡಿಯಾಗಿ ದುಡಿಸಿಕೊಂಡ. 1982ರಲ್ಲಿ ಒಬ್ಬ 24, ಇನ್ನೊಬ್ಬ 21 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ). ಇಬ್ಬರಲ್ಲಿ ಯಾರೂ ಒಂಟಿಯಾಗಿ ದೊಡ್ಡ ತಾರೆಯಲ್ಲ.

ಹಾಗಂತ ಮ್ಯಾನೇಜರ್ ಮಾಡಿದ್ದೆಲ್ಲ ವೇದವಾಕ್ಯ ಅಲ್ಲ. ಬರೀ ಕೈ ನೋಡಿ ಬಾಲ್ ನೋಡದವನೂ ದಡ್ಡನೇ. ಚೇಂಜಪ್ (ವೇಗದ್ದು ಅನ್ನಿಸಿ ನಿಧಾನವಾಗಿ ಬರುವ ಬಾಲ್) ಚೆನ್ನಾಗಿ ಎಸೆಯುವವನಿಗೆ ಎದುರು ಕೈಯವರ ಭಯ ಕಡಿಮೆ. ಮರಿಯಾನೋ ರಿವೇರಾ ಬಲಗೈ ಪಿಚರ್, ಆದರೆ ಅವನ ಕಟರ್ (ಕೊನೆಗೆ ಪಕ್ಕಕ್ಕೆ ಸರಿಯುವ ವೇಗದ ಬಾಲ್) ಎಡಗೈ ಬ್ಯಾಟರ್‌ಗಳ ಹೆಬ್ಬೆರಳ ಕಡೆಗೇ ನುಗ್ಗಿ ಬ್ಯಾಟ್ ಮುರಿಯುತ್ತಿತ್ತು. ಅವನೆದುರು ಎಡಗೈನವರನ್ನು ಸಾಲಾಗಿ ಕಳಿಸಿ ಏನು ಪ್ರಯೋಜನ?

ಕೈಯೊಂದನ್ನೇ ನಂಬಿದರೆ ಏನಾಗುತ್ತದೆ ಅನ್ನುವುದಕ್ಕೆ 2024ರ ವರ್ಲ್ಡ್ ಸೀರೀಸ್ ಮೊದಲ ಪಂದ್ಯ ನೆನಪಿಸಿಕೊಳ್ಳಿ. ಹತ್ತನೇ ಇನ್ನಿಂಗ್ಸ್, ಡಾಡ್ಜರ್ಸ್ ಎದುರು ಯಾಂಕೀಸ್ 3-2 ಮುಂದೆ, ಒಬ್ಬ ಔಟ್, ಇಬ್ಬರು ಬೇಸ್ ಮೇಲೆ. ಬ್ಯಾಟ್ ಹಿಡಿದು ಬಂದವನು ಎಡಗೈಯ ಶೋಹೈ ಒಟಾನಿ. ಮ್ಯಾನೇಜರ್ ಆರನ್ ಬೂನ್ ಎಡಗೈಯ ನೆಸ್ಟರ್ ಕೋರ್ಟೆಸ್‌ನನ್ನು ಇಳಿಸಿದ. ಮೊದಲ ಬಾಲಿಗೇ ಒಟಾನಿ ಔಟ್. ಬಲಗೈಯ ಮೂಕಿ ಬೆಟ್ಸ್‌ಗೆ ಬೇಕಂತಲೇ ವಾಕ್ ಕೊಟ್ಟರು, ಅಂದರೆ ಹೊಡೆಯಲು ಬಿಡದೆ ಮೊದಲನೇ ಬೇಸ್ ಪುಕ್ಕಟೆ ಕೊಟ್ಟರು. ಮುಂದಿನವನು ಮತ್ತೆ ಎಡಗೈ, ಅದೂ ಪಾದದ ಕೀಲಿನ ನೋವಿನಲ್ಲಿ ಕುಂಟುತ್ತಿದ್ದ ಫ್ರೆಡ್ಡಿ ಫ್ರೀಮನ್. ಕಾಗದದ ಮೇಲೆ ಎಲ್ಲವೂ ಸರಿ. ಫ್ರೀಮನ್ ಮೊದಲ ಬಾಲನ್ನೇ ಪ್ರೇಕ್ಷಕರ ನಡುವೆ ಎತ್ತಿ ಒಗೆದ. ಗ್ರ್ಯಾಂಡ್ ಸ್ಲ್ಯಾಮ್, ಅಂದರೆ ಮೂರೂ ಬೇಸ್ ತುಂಬಿರುವಾಗಿನ ಹೋಮ್ ರನ್, ನಾಲ್ಕು ರನ್. ಪಂದ್ಯ ಮುಗಿಯಿತು, 6-3. ಬೂನ್ ಎಡಗೈಯವನನ್ನು ಆರಿಸಿದ್ದು ತಪ್ಪಲ್ಲ. ಆದರೆ ಆ ಕೋರ್ಟೆಸ್ ಗಾಯದಿಂದಾಗಿ ಸೆಪ್ಟೆಂಬರ್ 18ರಿಂದ ಒಂದು ಪಂದ್ಯದಲ್ಲೂ ಬಾಲ್ ಎಸೆದಿರಲಿಲ್ಲ. ಬದಲಿ ಪಿಚರ್‌ಗಳು ಕಾಯುವ ಬುಲ್‌ಪೆನ್‌ನಲ್ಲಿ ಟಿಮ್ ಹಿಲ್ ಅಂತ ಇನ್ನೊಬ್ಬ ಎಡಗೈಯವನಿದ್ದ. ನಾನಾಗಿದ್ದರೆ ಅವನನ್ನು ಕರೆಯುತ್ತಿದ್ದೆ. ನಾನು ಸ್ವಭಾವದಲ್ಲೇ ಪುಕ್ಕಲ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ನಿಮ್ಮ .340ರ ಹುಡುಗ ಇನ್ನೂ ಎರಡು ಮೂರು ಸೀಸನ್ ಹೀಗೇ ಹೊಡೆಯಲಿ. ಆಗ ಬರೆಯಿರಿ, ನಿಮ್ಮ ಜೊತೆ ನಾನೂ ಮ್ಯಾನೇಜರ್‌ಗೆ ಬೈಯುತ್ತೇನೆ.

ಪ್ರಶ್ನೆ: ಒಬ್ಬ ಬ್ಯಾಟರ್ ಒಬ್ಬ ಪಿಚರ್ ಎದುರು 12 ಸಲ ಆಡಿ 7 ಹಿಟ್ ಹೊಡೆದಿದ್ದಾನೆ. ಇಂಥ ಅಂಕಿ ಕೊಡುವ ‘ಬೇಸ್‌ಬಾಲ್ ಗುರು’ ಒಬ್ಬರಿಗೆ ತಿಂಗಳಿಗೆ 499 ರೂಪಾಯಿ ಕಟ್ಟುತ್ತಿದ್ದೇನೆ. ನಂಬಬಹುದೇ?

ಉತ್ತರ: ಗಿಳಿಶಾಸ್ತ್ರದವನು ಇದಕ್ಕಿಂತ ಅಗ್ಗ, ಗಿಳಿ ನೋಡಲು ಚೆಂದವೂ ಇರುತ್ತದೆ. ವೀವರ್ ಕೂಡ ಇಂಥ ಅಂಕಿಗಳ ಕಾರ್ಡ್ ಇಟ್ಟುಕೊಂಡಿದ್ದ ಅಂತ ಆ ಗುರು ವಾದಿಸಬಹುದು. ವೀವರ್ ದಿನಾ ಡಗೌಟಿನಲ್ಲಿ ಕೂತು ಆ ಬ್ಯಾಟ್ ಬೀಸುವುದನ್ನು ಕಣ್ಣಾರೆ ನೋಡುತ್ತಿದ್ದ. ನಿಮ್ಮ ಗುರು ನೋಡುವುದು ನಿಮ್ಮ ಜೇಬು. ಇವತ್ತೇ ನಿಲ್ಲಿಸಿ.

ಪ್ರಶ್ನೆ: ಕ್ರಿಕೆಟ್‌ನಲ್ಲಿ ಎಡಗೈ-ಬಲಗೈ ಜೋಡಿ ಇದ್ದರೆ ಬೌಲರ್ ಲೈನ್ ಕೆಡುತ್ತದೆ. ಬೇಸ್‌ಬಾಲ್ ಲೈನಪ್‌ನಲ್ಲೂ ಒಬ್ಬ ಎಡ, ಒಬ್ಬ ಬಲ ಅಂತ ಹೆಣೆಯುವುದು ಅದಕ್ಕೇನಾ?

ಉತ್ತರ: ಅಲ್ಲ. ಅದು ಪಿಚರ್‌ಗಲ್ಲ, ಎದುರು ಮ್ಯಾನೇಜರ್‌ಗೆ ಇಟ್ಟ ಕೊಕ್ಕೆ. ಹಿಂದೆ ಒಬ್ಬನೇ ಎಡಗೈ ಬ್ಯಾಟರ್‌ಗಾಗಿ ಎಡಗೈ ಪಿಚರ್‌ನನ್ನು ಕರೆಸಿ, ಕೆಲಸವಾದ ಕೂಡಲೇ ವಾಪಸ್ ಕಳಿಸುತ್ತಿದ್ದರು. 2020ರಿಂದ, ಹಾಗೆ ಬಂದ ಪಿಚರ್ ಮೂವರು ಬ್ಯಾಟರ್‌ಗಳನ್ನಾದರೂ ಎದುರಿಸಬೇಕು, ಇಲ್ಲವೇ ಆ ಅರ್ಧ ಇನ್ನಿಂಗ್ಸ್ ಮುಗಿಸಬೇಕು. ಎಡ, ಬಲ, ಎಡ ಅಂತ ಹೆಣೆದರೆ ನಡುವಿನವನು ಅವನಿಗೆ ಕಂಟಕ. ಬೆಟ್ಸ್‌ಗೆ ಸುಮ್ನೆ ವಾಕ್ ಕೊಟ್ಟಿದ್ದೂ ಅದಕ್ಕೇ.

ಪ್ರಶ್ನೆ: ಎರಡೂ ಕೈಯಲ್ಲಿ ಎಸೆಯುವ ಪಿಚರ್, ಎರಡೂ ಕಡೆ ಆಡುವ ಬ್ಯಾಟರ್ ಎದುರಾದರೆ?

ಉತ್ತರ: ಯಾವ ಕೈಯಲ್ಲಿ ಎಸೆಯುತ್ತೇನೆ ಅಂತ ಪಿಚರ್ ಮೊದಲು ತೋರಿಸಬೇಕು. 2008ರಲ್ಲಿ ಪ್ಯಾಟ್ ವೆಂಡಿಟ್ ಎಂಬವನ ಮೈನರ್ ಲೀಗ್ ಪಂದ್ಯದಲ್ಲಿ ಅವನು ಗ್ಲೌ ಬದಲಿಸುವುದು, ಬ್ಯಾಟರ್ ಜಾಗ ಬದಲಿಸುವುದು, ಇದೇ ನಾಟಕ ನಡೆದ ಮೇಲೆ ಆ ನಿಯಮ ಬಂತು.

ಪ್ರಶ್ನೆ: ಎಡಗೈ ಪಿಚರ್‌ಗಳೆಲ್ಲ ಸ್ವಲ್ಪ ತಿಕ್ಕಲಂತೆ, ನಿಜವೇ?

ಉತ್ತರ: ನಾನು ಈ ಉತ್ತರ ಬರೆಯುತ್ತಿರುವುದು ಎಡಗೈಯಲ್ಲಿ.

ಪ್ರಶ್ನೆ: ಮಗನಿಗೆ 9 ವರ್ಷ, ಬಲಗೈಯವನು. ಆರು ವಾರದಲ್ಲಿ ಎರಡೂ ಕಡೆ ಆಡುವ ಹಾಗೆ ಮಾಡುತ್ತೇನೆ ಅಂತ ಒಬ್ಬ ಕೋಚ್ ಹೇಳುತ್ತಿದ್ದಾರೆ. ಸೇರಿಸಲಾ?

ಉತ್ತರ: ಆರು ವಾರದಲ್ಲಿ ಸೈಕಲ್ ಕಲಿಯಬಹುದು. ಮಿಕ್ಕಿ ಮ್ಯಾಂಟಲ್‌ಗೆ ಮನೆಯ ಹಿತ್ತಲಲ್ಲಿ ಅಪ್ಪ ಬಲಗೈಯಲ್ಲಿ, ಅಜ್ಜ ಎಡಗೈಯಲ್ಲಿ ವರ್ಷಗಟ್ಟಲೆ ಬಾಲ್ ಎಸೆದರು. ನಾನೂ ಒಮ್ಮೆ ಜಾಣತನ ತೋರಿಸಿ ತಂಗಿಯ ಮಗನನ್ನು ಎಡಕ್ಕೆ ತಿರುಗಿಸಿದೆ. ಎರಡು ಬೇಸಿಗೆಗಾಲ ಅವನು ಬಾಲ್ ಮುಟ್ಟಲಿಲ್ಲ. ಮೂರನೇ ಬೇಸಿಗೆಗೆ ಬ್ಯಾಟನ್ನೇ ಮುಟ್ಟಲಿಲ್ಲ. ತಂಗಿ ಈಗಲೂ ನೆನಪಿಸುತ್ತಾಳೆ. ಹುಡುಗ ತಾನಾಗಿ ಎಡಕ್ಕೆ ನಿಂತು ಬೀಸಿ ನಗುತ್ತಿದ್ದರೆ ಬಿಡಿ, ಬೀಸಲಿ. ಅದೇ ಕೋಚ್ ಈ ವಯಸ್ಸಿಗೇ ಸ್ಲೈಡರ್ ಎಸೆಯುವುದನ್ನೂ ಕಲಿಸುತ್ತೇನೆ ಅಂದರೆ, ಮಗನ ಮೊಣಕೈ ಹಿಡಿದುಕೊಂಡು ಅಲ್ಲಿಂದ ಮನೆಗೆ ಬನ್ನಿ.