ಹಡಗಿನ ಪಟ್ಟಿಗಿಂತ ಮೊದಲು ಅಕ್ಕಪಕ್ಕದವರನ್ನು ಹುಡುಕಿ

ನಿಮ್ಮ ಅಳಿಯನ ಮೂಲಪುರುಷ ಹಾನ್ಸ್ ಮುಲ್ಲರ್ 1730ರ ದಶಕದಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ಗೆ ಬಂದವನು. ಆನ್‌ಲೈನ್ ವಂಶವೃಕ್ಷವೊಂದು ಅವನನ್ನು ಸ್ವಿಟ್ಜರ್ಲೆಂಡಿನ ಬರ್ನ್ ಕಡೆಯ ಹಾನ್ಸ್ ಒಬ್ಬನಿಗೆ ಜೋಡಿಸಿದೆ, ನಂಬಬಹುದಾ ಅಂತ ಕೇಳಿದ್ದೀರಿ. ಸದ್ಯಕ್ಕೆ ನಂಬಬೇಡಿ. ನೀವು ಹಾಕಿರುವ ಪುಟದಲ್ಲಿ ಹೆಸರು ಒಂದೇ ಅನ್ನುವುದು ಬಿಟ್ಟರೆ ಬೇರೆ ಪುರಾವೆ ಇಲ್ಲ. ಹಾನ್ಸ್ ಮುಲ್ಲರ್ ಅಲ್ಲಿ ತೀರಾ ಸಾಮಾನ್ಯ ಹೆಸರು.

ಮೊದಲು ಅಮೆರಿಕದ ಕಡೆಯ ದಾಖಲೆ ಮುಗಿಸಿ. ಅಲ್ಲಿ ಅವನ ಅಡ್ಡಹೆಸರು ಮಿಲ್ಲರ್ ಅಂತ ಬದಲಾಗಿರಬಹುದು. ಉಯಿಲು, ಜಮೀನಿನ ಪತ್ರ, ಚರ್ಚ್ ಪುಸ್ತಕ ಮೂರನ್ನೂ ನೋಡಿ. ಉಯಿಲಿಗೆ ಸಾಕ್ಷಿ ಹಾಕಿದವರು ಯಾರು, ಪಕ್ಕದ ಜಮೀನು ಯಾರದು, ಮಗುವಿನ ದೀಕ್ಷಾಸ್ನಾನಕ್ಕೆ ಸಾಕ್ಷಿಯಾಗಿ ಯಾರು ನಿಂತರು, ಎಲ್ಲ ಬರೆದಿಟ್ಟುಕೊಳ್ಳಿ. ಒಂದೇ ಊರಿನವರು, ನೆಂಟರು ಎಷ್ಟೋ ಸಲ ಜೊತೆಯಾಗಿಯೇ ಹೊರಟು, ಹತ್ತಿರ ಹತ್ತಿರವೇ ನೆಲೆಸಿದರು. ಮುಲ್ಲರ್ ಜಾಡು ಸಿಗದಿದ್ದರೂ ಅಪರೂಪದ ಅಡ್ಡಹೆಸರಿನ ನೆರೆಯವನ ಜಾಡು ಸಿಗಬಹುದು. ಹೆಂಡತಿಯ ತವರಿನ ಹೆಸರು ಸಿಕ್ಕರಂತೂ ಅರ್ಧ ಕೆಲಸ ಆದಂತೆ. ಸ್ವಿಸ್ ಚರ್ಚ್ ಪುಸ್ತಕಗಳಲ್ಲಿ ಹೆಂಗಸರನ್ನು ಸಾಮಾನ್ಯವಾಗಿ ತವರಿನ ಹೆಸರಿನಲ್ಲೇ ಬರೆಯುತ್ತಿದ್ದರು. ಹಾಗಾಗಿ ಗಂಡ ಹೆಂಡತಿ ಇಬ್ಬರ ಹೆಸರನ್ನೂ ಜೋಡಿಯಾಗಿ ಹುಡುಕಬಹುದು.

ಫಿಲಡೆಲ್ಫಿಯಾ ಬಂದರಿನಲ್ಲಿ ಬಂದಿಳಿದ ವಲಸಿಗರ ಹಡಗಿನ ಪಟ್ಟಿಗಳು 1727ರಿಂದ ಇವೆ. ಆದರೆ ಅವುಗಳಲ್ಲಿ ಹೆಚ್ಚಾಗಿ ಬ್ರಿಟಿಷ್ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಿದ ಗಂಡಸರ ಹೆಸರು ಅಷ್ಟೇ, ಹುಟ್ಟೂರು ಇರುವುದಿಲ್ಲ. ಅಲ್ಲಿ ಅವನ ಸಹಿ ಇದ್ದರೆ ಉಯಿಲಿನ ಸಹಿಯ ಪಕ್ಕ ಇಟ್ಟು ನೋಡಿ.

ಆಮೇಲೆ ಸ್ವಿಟ್ಜರ್ಲೆಂಡ್. ಅಲ್ಲಿ ಪ್ರತಿ ಮನೆತನಕ್ಕೂ ಹಕ್ಕಿನ ಊರು, ಅಂದರೆ ಪೌರತ್ವದ ಹಕ್ಕಿರುವ ಮೂಲ ಊರು, ಅಂತ ಒಂದು ಇರುತ್ತದೆ, ಹೈಮಾಟೋರ್ಟ್ ಅನ್ನುತ್ತಾರೆ. ಅದು ಹುಟ್ಟಿದ ಊರೇ ಆಗಬೇಕಿಲ್ಲ, ಆ ಕಾಲದಲ್ಲಿ ಅಪ್ಪನಿಂದ ಮಕ್ಕಳಿಗೆ ಬರುತ್ತಿತ್ತು. ಯಾವ ಅಡ್ಡಹೆಸರಿಗೆ ಯಾವ ಊರು ಅನ್ನುವ ಸ್ವಿಸ್ ಕೋಶ ಆನ್‌ಲೈನ್‌ನಲ್ಲಿ ಉಚಿತವಾಗಿದೆ. ನೆರೆಯವರ ಹೆಸರುಗಳನ್ನೂ ಅದರಲ್ಲಿ ಹಾಕಿ, ಎಲ್ಲವೂ ಕೂಡುವ ಕಡೆ ಗಮನ ಕೊಡಿ. ಬರ್ನ್ ಸರ್ಕಾರಿ ದಫ್ತರದ ಹಳೆಯ ಚರ್ಚ್ ಪುಸ್ತಕಗಳ ಸ್ಕ್ಯಾನ್ ಕೂಡ ನೆಟ್‌ನಲ್ಲೇ ಸಿಗುತ್ತದೆ. ಆ ವಂಶವೃಕ್ಷದ ಹಾನ್ಸ್ ಸಿಕ್ಕಿದರೆ ಅವನ ಜನನ ನೋಡಿ ನಿಲ್ಲಿಸಬೇಡಿ, ಮರಣವನ್ನೂ ಹುಡುಕಿ. ಅವನು ಅಲ್ಲೇ ಸತ್ತಿದ್ದರೆ, ಅಥವಾ ವಲಸೆಯ ನಂತರವೂ ಅಲ್ಲೇ ಮಕ್ಕಳಾಗಿದ್ದರೆ, ಅವನು ನಿಮ್ಮವನಲ್ಲ.

ಇನ್ನೊಂದು ಮುಖ್ಯ ವಿಷಯ. ಮನೆತನ ಮೆನೊನೈಟ್ ಅನ್ನುವ ಕ್ರೈಸ್ತ ಪಂಥದ್ದಾಗಿದ್ದರೆ ದಾರಿಯೇ ಬೇರೆ. ಬರ್ನ್ ಆಡಳಿತದ ಕಿರುಕುಳ ತಾಳದೆ 1671ರ ಸುಮಾರಿಗೆ ಇಂಥ ನೂರಾರು ಜನ ಜರ್ಮನಿಯ ಪ್ಯಾಲಟಿನೇಟ್ ಪ್ರಾಂತ್ಯಕ್ಕೆ ಹೋದರು. ನಿಮ್ಮ ಹಾನ್ಸ್ ಅಲ್ಲೇ ಹುಟ್ಟಿರಬಹುದು. ಅವರು ಶಿಶುಗಳಿಗೆ ದೀಕ್ಷಾಸ್ನಾನ ಮಾಡಿಸುತ್ತಿರಲಿಲ್ಲ, ಆದ್ದರಿಂದ ದೀಕ್ಷಾಸ್ನಾನದ ಪುಸ್ತಕಗಳಲ್ಲಿ ಸುಮ್ನೆ ಹುಡುಕಿ ಸುಸ್ತಾಗಬೇಡಿ. ಪ್ಯಾಲಟಿನೇಟ್ ಆಡಳಿತ ಬರೆಸಿದ ಮೆನೊನೈಟ್ ಕುಟುಂಬಗಳ ಪಟ್ಟಿಗಳನ್ನು ನೋಡಿ.

ಯಾವ ಚರ್ಚಿನವರು ಅಂತ ಮೊದಲು ತಿಳಿಸಿ. ಉಯಿಲಿನ ಫೋಟೋ ಇದ್ದರೆ ಹಾಕಿ, ಸಾಕ್ಷಿಗಳ ಹೆಸರು ಓದಲು ನಾನೂ ಕೈಜೋಡಿಸುತ್ತೇನೆ.